ಪೀಣ್ಯದ ಬೋರ್ಡಿಲ್ಲದ ಫೈಲ್ ಅಂಗಡಿ: ಬರೀ ಕನ್ವರ್ಷನ್‌ಗೆ ಬೇಡ, ರಿಪೇರಿಗೆ ಹೋಗಿ

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಗೆ ಬೋರ್ಡ್ ಇಲ್ಲ. ಪೀಣ್ಯ ಎರಡನೇ ಹಂತದಲ್ಲಿ ಒಂದು ಬೇರಿಂಗ್ ಅಂಗಡಿಯ ಪಕ್ಕದ ಸಂದಿಯಲ್ಲಿ ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ ಎರಡು ರೂಮು, ನಾಲ್ಕು ಕಂಪ್ಯೂಟರ್, ಸದಾ ಗುಂಯ್ ಅನ್ನುವ ಒಂದು ಹಳೇ ಯುಪಿಎಸ್. ಬೋರ್ಡ್ ಯಾಕೆ ಹಾಕಿಲ್ಲ ಅಂತ ಕೇಳಿದ್ದಕ್ಕೆ "ಹಾಕಿದ್ರೆ ಜೆರಾಕ್ಸ್ ಇದೆಯಾ ಅಂತ ಕೇಳ್ಕೊಂಡು ಬರ್ತಾರೆ ಸಾರ್" ಅಂದರು. ಮಾಲೀಕರು ಹಿಂದೆ ಟೂಲ್ ಅಂಡ್ ಡೈ ಹುಡುಗರಿಗೆ ಡ್ರಾಯಿಂಗ್ ಕಲಿಸುತ್ತಿದ್ದವರು, ಹಾಗಾಗಿ ಸುತ್ತಮುತ್ತ ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಇವರ ಕೆಲಸ ಇಷ್ಟೇ. ಒಂದು ಸಾಫ್ಟ್‌ವೇರಿನಲ್ಲಿ ಮಾಡಿದ ತ್ರೀಡಿ ಮಾಡೆಲ್ ಇನ್ನೊಂದು ಸಾಫ್ಟ್‌ವೇರಿನಲ್ಲಿ ಸರಿಯಾಗಿ ತೆರೆಯುವಂತೆ ಮಾಡಿಕೊಡುವುದು. ಕೇಳಿದರೆ "ಅದಕ್ಕೂ ದುಡ್ಡಾ, ಸೇವ್ ಆ್ಯಸ್ ಕೊಟ್ಟರೆ ಆಯ್ತಲ್ವಾ" ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ನಮ್ಮದು ಐದು ಜನರ ಜಾಬ್ ವರ್ಕ್ ಯೂನಿಟ್, ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯುವ ಎರಡು ವಿಎಂಸಿ ಮಷೀನು, ಜೊತೆಗೆ ಕೆಲಸದ ಭಾಗ ಹಿಡಿದಿಡುವ ಜಿಗ್ ಫಿಕ್ಸ್ಚರ್ ಕೆಲಸ. ಕಳೆದ ಎಂಟು ತಿಂಗಳಲ್ಲಿ ಏಳು ಸಲ ಆ ಮೆಟ್ಟಿಲು ಹತ್ತಿದ್ದೇನೆ. ಏಳರಲ್ಲಿ ಮೂರು ಸಲ ಹೋಗುವ ಅಗತ್ಯವೇ ಇರಲಿಲ್ಲ ಅಂತ ಈಗ ಗೊತ್ತಾಗಿದೆ, ಅದನ್ನೂ ಬರೆಯುತ್ತೇನೆ.

ಮೊದಲ ಸಲ ಹೋಗಿದ್ದು ಒಂದು ಗೇರ್‌ಬಾಕ್ಸ್ ಹೌಸಿಂಗ್ ಹಿಡಿದುಕೊಂಡು. ಅಲ್ಯೂಮಿನಿಯಂ ಕಾಸ್ಟಿಂಗ್. ಬೊಮ್ಮಸಂದ್ರದ ಒಬ್ಬ ಕಸ್ಟಮರ್ ಐಜೆಸ್ ಫೈಲ್ ಕಳಿಸಿದ್ದರು, ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಮಾಡೆಲ್ ಸಾಗಿಸುವ ಹಳೇ ಫಾರ್ಮ್ಯಾಟ್ ಅದು. ನಮ್ಮ ಸಾಫ್ಟ್‌ವೇರಿನಲ್ಲಿ ತೆರೆದರೆ ನೋಡೋಕೆ ಎಲ್ಲ ಚೆನ್ನಾಗಿಯೇ ಇದೆ. ಮಾಡೆಲ್ ತಿರುಗಿಸಿ ನೋಡಿದೆ, ಅಳತೆ ಹಿಡಿದೆ, ಏನೂ ತೊಂದರೆ ಕಾಣಲಿಲ್ಲ. ಮಷೀನಿಗೆ ಪ್ರೋಗ್ರಾಂ ಮಾಡುವ ಕ್ಯಾಮ್‌ಗೆ ಹಾಕಿ ಟೂಲ್‌ಪಾತ್, ಅಂದರೆ ಕಟ್ಟರ್ ಓಡುವ ದಾರಿ, ಕೊಟ್ಟಾಗ ಸಿಮ್ಯುಲೇಶನ್‌ನಲ್ಲಿ ಕಟ್ಟರ್ ಒಂದು ಮೂಲೆಗೆ ಬಂದಿದ್ದೇ ಪುಸಕ್ಕನೆ ಒಳಗೆ ಇಳಿದುಬಿಟ್ಟಿತು, ಅಲ್ಲಿ ಗೋಡೆಯೇ ಇಲ್ಲ ಅನ್ನುವ ಹಾಗೆ. ನಿಜವಾಗಿಯೂ ಅಲ್ಲಿ ಗೋಡೆ ಇರಲಿಲ್ಲ! ಅದು ಸಾಲಿಡ್ ಅಲ್ಲ, ಅಂದರೆ ಒಳಗೆ ತುಂಬಿದ ಗಟ್ಟಿ ಮಾಡೆಲ್ ಅಲ್ಲ, ಬರೀ ಸರ್ಫೇಸ್‌ಗಳ, ಮೇಲ್ಮೈ ತುಂಡುಗಳ ಗುಂಪು, ನಡುವೆ ಕಣ್ಣಿಗೆ ಕಾಣದ ಸಂದುಗಳು. ಹೊಲಿಗೆ ಹಾಕದೆ ಪಿನ್ ಚುಚ್ಚಿ ನಿಲ್ಲಿಸಿದ ಶರ್ಟ್ ಇದ್ದ ಹಾಗೆ. ದೂರದಿಂದ ಶರ್ಟೇ, ತೊಟ್ಟರೆ ಗೊತ್ತಾಗುತ್ತದೆ.

ಕಸ್ಟಮರ್‌ಗೆ ಫೋನ್ ಮಾಡಿ, ಐಜೆಸ್‌ಗಿಂತ ಹೊಸದಾದ ಸ್ಟೆಪ್ ಫಾರ್ಮ್ಯಾಟ್‌ನ ಫೈಲ್ ಕೊಡಿ ಅಂದೆ. ಅರ್ಧ ಗಂಟೆಯಲ್ಲಿ ಬಂತು. ಖುಷಿಯಾಗಿ ತೆರೆದರೆ ಅದೇ ಮೂಲೆ, ಅದೇ ತೂತು. ಆಗ ನಮ್ಮ ಪಕ್ಕದ ಶೆಡ್ಡಿನವರು ಮೇಷ್ಟ್ರ ಹತ್ತಿರ ಹೋಗು ಅಂದರು.

ಮೇಷ್ಟ್ರು ಪೆನ್‌ಡ್ರೈವ್ ತಗೊಂಡು ಕ್ಯಾಡ್, ಅಂದರೆ ಮಾಡೆಲ್ ಮಾಡುವ ಸಾಫ್ಟ್‌ವೇರ್ ಮುಟ್ಟಲೇ ಇಲ್ಲ. ಸ್ಟೆಪ್ ಫೈಲನ್ನು ನೇರವಾಗಿ ನೋಟ್‌ಪ್ಯಾಡ್‌ನಲ್ಲಿ ತೆರೆದರು. ನನಗೆ ಅಲ್ಲಿಯವರೆಗೂ ಗೊತ್ತೇ ಇರಲಿಲ್ಲ, ಸ್ಟೆಪ್ ಫೈಲ್ ಅನ್ನುವುದು ಬರೀ ಅಕ್ಷರಗಳ ಫೈಲು, ಯಾರು ಬೇಕಾದರೂ ಓದಬಹುದು. ಮೊದಲ ಸಾಲಿನಲ್ಲೇ ಐಎಸ್‌ಒ-10303-21 ಅಂತ ಇರುತ್ತದೆ. ಐಎಸ್‌ಒ 10303 ಅನ್ನುವುದು 1994ರಲ್ಲಿ ಬಂದ ಸ್ಟ್ಯಾಂಡರ್ಡ್, ಸ್ಟೆಪ್ ಅಂದರೆ ಅದೇ. ಅದರ ಕೆಳಗೆ ಫೈಲ್ ಹೆಸರು, ತಾರೀಖು, ಯಾವ ಸಾಫ್ಟ್‌ವೇರ್ ಬರೆದದ್ದು, ಎಲ್ಲ ಜಾತಕ. ಆಮೇಲೆ ಫೈಲ್ ಸ್ಕೀಮಾ ಅನ್ನುವ ಸಾಲು, ಸ್ಟೆಪ್‌ನಲ್ಲೇ ಯಾವ ಬಗೆ (ಎಪಿ ನಂಬರ್) ಅಂತ ಹೇಳುವುದು ಅದು. ಅಲ್ಲಿ ಆಟೋಮೋಟಿವ್ ಡಿಸೈನ್ ಅಂತ ಇದ್ದರೆ ಎಪಿ 214, ಕಾನ್ಫಿಗ್ ಕಂಟ್ರೋಲ್ ಡಿಸೈನ್ ಅಂತ ಇದ್ದರೆ ಹಳೇ ಎಪಿ 203, ಹೊಸದಾದರೆ ಎಪಿ 242 ಅಂತ ಹೆಸರೇ ಇರುತ್ತದೆ. ಇನ್ನೂ ಕೆಳಗೆ ಯೂನಿಟ್ಟು: ಮಿಲಿ, ಮೀಟರ್ (ಅಂದರೆ ಮಿಮೀ) ಅಂತ ಇದೆಯೋ, ಇಂಚ್ ಅಂತ ಇದೆಯೋ. ಒಂದು ಸಲ ಈ ಯೂನಿಟ್ ತಪ್ಪಿದರೆ ಭಾಗ 25.4 ಪಟ್ಟು ದೊಡ್ಡದಾಗುತ್ತದೆ ಇಲ್ಲಾ ಚಿಕ್ಕದಾಗುತ್ತದೆ. ಅಷ್ಟು ದೊಡ್ಡ ತಪ್ಪು ಯಾರಿಗಾದರೂ ಕಾಣುತ್ತದೆ, ಅದಕ್ಕೇ ಅದು ಅಪಾಯ ಅಲ್ಲ ಅಂತಾರೆ ಮೇಷ್ಟ್ರು. ಕಾಣದ ತಪ್ಪುಗಳೇ ದುಡ್ಡು ತಿನ್ನುವುದು.

ಆಮೇಲೆ ಕಂಟ್ರೋಲ್ ಎಫ್ ಒತ್ತಿ ಮ್ಯಾನಿಫೋಲ್ಡ್ ಸಾಲಿಡ್ ಬ್ರೆಪ್ ಅಂತ, ಅಂದರೆ ಸಾಲಿಡ್ ಇದೆ ಅನ್ನುವ ಗುರುತು, ಹುಡುಕಿದರು. ಇಲ್ಲ. ಬರೀ ಸರ್ಫೇಸ್ ಅನ್ನುವ ಗುರುತು, ಶೆಲ್ ಬೇಸ್ಡ್ ಸರ್ಫೇಸ್ ಮಾಡೆಲ್ ಅಂತ ಹುಡುಕಿದರು. ಇದೆ.

"ನೋಡಿ ಸಾರ್, ಆ ಕಡೆಯವರು ಐಜೆಸ್ ಓಪನ್ ಮಾಡಿ, ಅದನ್ನೇ ಸ್ಟೆಪ್ ಅಂತ ಸೇವ್ ಮಾಡಿ ಕಳಿಸಿದ್ದಾರೆ. ಡಬ್ಬ ಬದಲಾಯಿಸಿದ್ದಾರೆ, ಒಳಗಿರೋ ಹಿಟ್ಟು ಅದೇ."

ಎರಡು ನಿಮಿಷ. ಇದಕ್ಕೆ ಒಂದು ಪೈಸೆ ತಗೊಳ್ಳಲಿಲ್ಲ. ಒರಿಜಿನಲ್ ಸಿಗುತ್ತದಾ ಕೇಳಿ ನೋಡಿ ಅಂದರು. ಕೇಳಿದೆ. ಆ ಭಾಗ ಡಿಸೈನ್ ಮಾಡಿದ ಕಂಪನಿಯ ಜೊತೆ ಈಗ ಸಂಬಂಧ ಇಲ್ಲವಂತೆ, ಇರೋದೇ ಇದು. ಸರಿ, ಹಾಗಾದರೆ ರಿಪೇರಿ.

ರಿಪೇರಿ ಮಾಡುವುದು ಮೇಷ್ಟ್ರಲ್ಲ, ಒಳರೂಮಿನಲ್ಲಿ ಕೂರುವ ಒಬ್ಬರು ಮೇಡಂ. ಈ ಅಂಗಡಿಯ ಜೀವ ಅವರೇ, ಮೇಷ್ಟ್ರೇ ಒಪ್ಪಿಕೊಳ್ಳುತ್ತಾರೆ. ನನ್ನ ಹೌಸಿಂಗ್‌ನಲ್ಲಿ 386 ಸರ್ಫೇಸ್ ಇದ್ದವು. ಮೊದಲು ಆಟೋಮ್ಯಾಟಿಕ್ ಸ್ಟಿಚ್ ಕೊಟ್ಟರು, ಬಹುಪಾಲು ಕೂಡಿಕೊಂಡವು, 11 ಕಡೆ ಸಂದು ಉಳಿಯಿತು. ಆ 11ರಲ್ಲಿ ಹತ್ತು ಸುಲಭ. ಕೊನೆಯದು ಮೂರು ಫಿಲೆಟ್ (ದುಂಡಗೆ ಮಾಡಿದ ಅಂಚು) ಬಂದು ಸೇರುವ ಮೂಲೆ. ಅಲ್ಲಿ ಜೂಮ್ ಮಾಡುತ್ತಾ ಹೋದರು, ಹೋದರು, ಕೊನೆಗೆ ಒಂದು ಕೂದಲೆಳೆಯಂಥ ಫೇಸ್, ಅಂದರೆ ಮೇಲ್ಮೈ ತುಂಡು, ಕಾಣಿಸಿತು, ಅಗಲ 0.004 ಮಿಮೀ. ಅದು ಒಂದು ತುದಿಯಲ್ಲಿ ತನ್ನ ಮೇಲೆ ತಾನೇ ಮಡಚಿಕೊಂಡಿತ್ತು. ನಾನು ಆ ಸಂದನ್ನು ತುಂಬಿಬಿಡಿ ಅಂದೆ. ಮೇಡಂ ಬೇಡ ಅಂತ ತಲೆಯಾಡಿಸಿದರು. "ತೇಪೆ ಹಾಕಿದ್ರೆ ಇವತ್ತು ನಿಲ್ಲುತ್ತೆ, ನಾಳೆ ನೀವು ಪಕ್ಕದಲ್ಲಿ ಒಂದು ಫಿಲೆಟ್ ಕೊಟ್ರೆ ಮತ್ತೆ ಬಿಚ್ಕೊಳುತ್ತೆ." ಆ ಮೂರೂ ಫಿಲೆಟ್ ಅಳಿಸಿಹಾಕಿದರು, ಪಕ್ಕದ ಗೋಡೆಗಳನ್ನು ಉದ್ದ ಮಾಡಿ ಒಂದಕ್ಕೊಂದು ಕತ್ತರಿಸಿ ಚೂಪು ಮೂಲೆ ಮಾಡಿದರು, ಆಮೇಲೆ ಹೊಸದಾಗಿ ಮೂರು ಮಿಮೀ ಫಿಲೆಟ್ ಕೊಟ್ಟರು. ಟಕ್ ಅಂತ ಸಾಲಿಡ್ ಆಯಿತು. ಒಟ್ಟು ಎರಡೂವರೆ ಗಂಟೆ. ನಾನು ನಡುವೆ ಕೆಳಗೆ ಹೋಗಿ ಎರಡು ಸಲ ಕಾಫಿ ಕುಡಿದು ಬಂದೆ.

ಫೈಲ್ ಜೊತೆಗೆ ಒಂದು ಚೀಟಿ ಕೊಡುತ್ತಾರೆ, ನನ್ನ ಲೆಕ್ಕದಲ್ಲಿ ಈ ಅಂಗಡಿಗೆ ದುಡ್ಡು ಕೊಡಬೇಕಾದದ್ದು ಆ ಚೀಟಿಗೆ. ವಾಲ್ಯೂಮ್, ಸರ್ಫೇಸ್ ಏರಿಯಾ, ಭಾರಕೇಂದ್ರ, ಉದ್ದ ಅಗಲ ಎತ್ತರ. ಮೂಲ ಸರ್ಫೇಸ್‌ಗೂ ಹೊಸ ಸಾಲಿಡ್‌ಗೂ ಎಲ್ಲಿ ಎಷ್ಟು ವ್ಯತ್ಯಾಸ: ನನ್ನದರಲ್ಲಿ ಅತಿ ಹೆಚ್ಚು ಅಂದರೆ ಆ ಮೂಲೆಯಲ್ಲಿ 0.008 ಮಿಮೀ. ವಾಲ್ಯೂಮ್ 4,12,600 ಘನ ಮಿಮೀ, ಅಲ್ಯೂಮಿನಿಯಂ ಸಾಂದ್ರತೆ ಘನ ಸೆಂಮೀಗೆ 2.7 ಗ್ರಾಂ ಅಂತ ಗುಣಿಸಿದರೆ 1.114 ಕೆಜಿ, ಡ್ರಾಯಿಂಗ್‌ನ ಟೈಟಲ್ ಬ್ಲಾಕ್‌ನಲ್ಲಿ ಬರೆದಿರುವ ತೂಕ 1.11. ಇದಕ್ಕಿಂತ ಇನ್ನೇನು ಬೇಕು. ಎರಡು ಫೈಲ್ ಒಂದೇನಾ ಅಂತ ಕಣ್ಣಲ್ಲಿ ನೋಡಿ ಹೇಳೋಕೆ ಆಗಲ್ಲ, ತೂಗಿ ನೋಡಬೇಕು.

ಯಾಕೆ ಹೀಗೆ ಹಾಳಾಗುತ್ತದೆ ಅಂತ ಮೇಷ್ಟ್ರನ್ನು ಕೇಳಿದರೆ ಪಾಠ ಶುರು, ಅಭ್ಯಾಸ ಬಲ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಪ್ರತಿ ಕ್ಯಾಡ್ ಸಾಫ್ಟ್‌ವೇರಿನ ಒಳಗೆ ಒಂದು ಕರ್ನಲ್ ಇರುತ್ತದೆ, ಆಕಾರದ ಗಣಿತವೆಲ್ಲ ಅದರದ್ದು. ಸಾಲಿಡ್‌ವರ್ಕ್ಸ್, ಎನ್‌ಎಕ್ಸ್, ಸಾಲಿಡ್ ಎಡ್ಜ್ ಮೂರಕ್ಕೂ ಪ್ಯಾರಾಸಾಲಿಡ್ ಅನ್ನುವ ಕರ್ನಲ್. ಕ್ಯಾಟಿಯಾಗೆ ಬೇರೆ, ಕ್ರಿಯೋಗೆ ಬೇರೆ. ತಮಾಷೆ ಏನೆಂದರೆ ಸಾಲಿಡ್‌ವರ್ಕ್ಸ್ ದಸ್ಸೋ ಕಂಪನಿಯದು, ಪ್ಯಾರಾಸಾಲಿಡ್ ಎದುರಾಳಿ ಸೀಮೆನ್ಸ್‌ದು. ಹೋಟೆಲ್ ಒಬ್ಬರದು, ಅಡುಗೆಮನೆ ಎದುರು ಹೋಟೆಲಿನವರದು! ಎರಡು ಫೇಸ್‌ಗಳ ಅಂಚು ಎಷ್ಟು ಹತ್ತಿರ ಬಂದರೆ ಕೂಡಿದೆ ಅನ್ನಬೇಕು ಅನ್ನುವುದರಲ್ಲಿ ಒಂದೊಂದು ಕರ್ನಲ್‌ದು ಒಂದೊಂದು ನಿಯಮ. ಸಡಿಲ ಇರುವ ಕಡೆ ಕೂಡಿದೆ ಅನ್ನಿಸಿಕೊಂಡ ಅಂಚು ಬಿಗಿ ಇರುವ ಕಡೆಗೆ ಹೋದಾಗ ಸಂದು ಆಗುತ್ತದೆ. ಐಜೆಸ್‌ನಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ಅದು 1980ರ ಫಾರ್ಮ್ಯಾಟ್, ಕೊನೆಯ ವರ್ಷನ್ 5.3 ಬಂದಿದ್ದೇ 1996ರಲ್ಲಿ, ಮತ್ತು ಸಾಮಾನ್ಯವಾಗಿ ಅದರಲ್ಲಿ ಬರುವುದು ಬಿಡಿ ಬಿಡಿ ಸರ್ಫೇಸ್‌ಗಳು, ಯಾವುದು ಯಾವುದರ ಪಕ್ಕ ಅನ್ನುವ ಮಾಹಿತಿ ಇಲ್ಲದೆ. ಇವತ್ತಿಗೂ ಪೀಣ್ಯದಲ್ಲಿ ದಿನಾ ಓಡಾಡುತ್ತಿದೆ.

ಬೇರೆ ಬೇರೆ ಕಂಪನಿ ಬಿಡಿ, ಒಂದೇ ಸಾಫ್ಟ್‌ವೇರಿನ ಎರಡು ವರ್ಷನ್ ನಡುವೆಯೇ ಜಗಳ ಆಗುತ್ತದೆ. ಏರ್‌ಬಸ್ ಎ380 ವಿಮಾನದ ವೈರಿಂಗ್ ಜೋಡಿಸುವಾಗ ಕೇಬಲ್ ಉದ್ದ ಸಾಲದೆ 2006ರಲ್ಲಿ ಡೆಲಿವರಿ ತಡವಾಯಿತಲ್ಲ, ಅದಕ್ಕೆ ಒಂದು ಮುಖ್ಯ ಕಾರಣ ಹ್ಯಾಂಬರ್ಗ್‌ನವರು ಕ್ಯಾಟಿಯಾ 4ರಲ್ಲಿ, ಟುಲೂಸ್‌ನವರು ಕ್ಯಾಟಿಯಾ 5ರಲ್ಲಿ ಕೂತಿದ್ದು. ನನ್ನ ಹೌಸಿಂಗ್ ಹಾಳಾಯಿತು ಅಂತ ಮುಖ ಸಣ್ಣ ಮಾಡಿಕೊಂಡು ಕೂತಿದ್ದಾಗ ಮೇಷ್ಟ್ರು ಸಮಾಧಾನಕ್ಕೆ ಹೇಳಿದ ಕಥೆ ಇದು.

ಇನ್ನು ನನ್ನದೇ ಒಂದು ತಪ್ಪು, ಮುಚ್ಚಿಡಲ್ಲ. ಮೂರನೇ ಸಲ ಒಂದು ಫಿಕ್ಸ್ಚರ್ ಪ್ಲೇಟಿನ ಮಾಡೆಲ್ ಕನ್ವರ್ಟ್ ಮಾಡಿಸಿದೆ. ಪ್ಲೇಟಿಗೆ ಆರು ಎಂ8 ಥ್ರೆಡ್, ಅಂದರೆ 8 ಮಿಮೀ ಬೋಲ್ಟ್ ಕೂರುವ ತಿರುಪಿನ ತೂತು. ಮಾಡೆಲಿನಲ್ಲಿ ಥ್ರೆಡ್ ಅನ್ನುವುದು ಸಾಮಾನ್ಯವಾಗಿ ನಿಜವಾದ ಆಕಾರ ಅಲ್ಲ, ಒಂದು ಗುರುತು ಅಷ್ಟೇ. ಕನ್ವರ್ಟ್ ಆದಾಗ ಗುರುತು ಹೋಯಿತು, 6.8ರ ಸಾದಾ ತೂತು ಉಳಿಯಿತು. ನೈಟ್ ಶಿಫ್ಟ್ ಹುಡುಗ ಮಾಡೆಲ್ ನೋಡಿ 6.8 ಡ್ರಿಲ್ ಹೊಡೆದ, ತಿರುಪು ಕೊರೆಯುವ ಟ್ಯಾಪ್ ಹೊಡೆಯಲಿಲ್ಲ, ಅವನಿಗೆ ಹೇಗೆ ಗೊತ್ತಾಗಬೇಕು. 18 ಪ್ಲೇಟು ನೈಸ್ ರೋಡಿನಲ್ಲಿ ಟೋಲ್ ಕಟ್ಟಿಕೊಂಡು ಬೊಮ್ಮಸಂದ್ರಕ್ಕೆ ಹೋದವು. ಮಧ್ಯಾಹ್ನ ಫೋನು: "ಬೋಲ್ಟೇ ಹೋಗ್ತಿಲ್ವಲ್ಲ ಗುರು." ಅದೇ ಟೆಂಪೋದಲ್ಲಿ ಮತ್ತೆ ಟೋಲ್ ಕಟ್ಟಿಕೊಂಡು ವಾಪಸ್ ಬಂದವು. ನಾನೂ ಹುಡುಗನೂ ಕೂತು 108 ತೂತಿಗೆ ಕೈಯಲ್ಲಿ ಟ್ಯಾಪ್ ಹೊಡೆದೆವು, ಎರಡು ಟ್ಯಾಪ್ ಮುರಿಯಿತು.

ಮರುದಿನ ಸಿಟ್ಟಿನಲ್ಲಿ ಮೆಟ್ಟಿಲು ಹತ್ತಿ ಮೇಷ್ಟ್ರ ಮೇಲೆ ರೇಗಾಡಿದೆ. ಅವರು ಏನೂ ಹೇಳದೆ ಚೀಟಿಯ ನಕಲು ತೆಗೆದು ಮುಂದಿಟ್ಟರು. ಕೊನೇ ಸಾಲು: "ಥ್ರೆಡ್ ಮಾಹಿತಿ ಬಂದಿಲ್ಲ, ಡ್ರಾಯಿಂಗ್ ನೋಡಿಕೊಂಡು ಮಾಡಿ." ನಾನು ಓದಿರಲಿಲ್ಲ. ಅವರೇ ಕೆಳಗಿನಿಂದ ಟೀ ತರಿಸಿದರು. ಆದರೂ ಹೇಳುತ್ತೇನೆ, ಅಂಥ ಸಾಲು ಮೇಲೆ, ದಪ್ಪ ಅಕ್ಷರದಲ್ಲಿ ಇರಬೇಕಿತ್ತು. ಈಗ ಹಾಗೇ ಹಾಕುತ್ತಿದ್ದಾರೆ, ನನ್ನ ಗಲಾಟೆಯಿಂದ ಅಷ್ಟಾದರೂ ಆಯಿತು.

ಥ್ರೆಡ್ ಮಾತ್ರ ಅಲ್ಲ. ಮಾಡೆಲ್ ಕಟ್ಟಿದ ಹಂತಗಳಾದ ಸ್ಕೆಚ್, ಎಕ್ಸ್‌ಟ್ರೂಡ್, ಪ್ಯಾಟರ್ನ್, ಈ ಅಳತೆ ಬದಲಾಯಿಸಿದರೆ ಆ ತೂತು ಸರಿಯುತ್ತದೆ ಅನ್ನುವ ಸಂಬಂಧ, ಯಾವುದೂ ಆ ಕಡೆ ಹೋಗುವುದಿಲ್ಲ. ಹೋಗುವುದು ಬರೀ ಆಕಾರ, ಡಂಬ್ ಸಾಲಿಡ್ ಅನ್ನುತ್ತಾರಲ್ಲ ಅದು. ಒಬ್ಬರು ಎಸ್‌ಟಿಎಲ್ ಫೈಲ್ ತಂದು ಇದನ್ನು ಎಡಿಟ್ ಮಾಡುವ ಹಾಗೆ ಮಾಡಿಕೊಡಿ ಅಂತ ಕೇಳುತ್ತಿದ್ದರು ನಾನಿದ್ದಾಗಲೇ. ಎಸ್‌ಟಿಎಲ್‌ನಲ್ಲಿ ಇರುವುದು ಬರೀ ತ್ರಿಕೋನಗಳು, ಯೂನಿಟ್ ಕೂಡ ಇರಲ್ಲ, ತ್ರೀಡಿ ಪ್ರಿಂಟಿಂಗ್‌ಗೆ ಅಂತ ಬಂದ ಫಾರ್ಮ್ಯಾಟ್ ಅದು. ದುಂಡಗಿನ ತೂತು ಅಲ್ಲಿ ದುಂಡಗೆ ಇರುವುದಿಲ್ಲ, ಪಟ್ಟಿ ಪಟ್ಟಿ. "ಸಾರ್, ಇಡ್ಲಿ ತಂದ್ಕೊಟ್ಟು ಅಕ್ಕಿ ವಾಪಸ್ ಮಾಡಿ ಅಂತೀರಲ್ಲ" ಅಂದರು ಮೇಷ್ಟ್ರು. ಆಮೇಲೆ ಅದರ ಅಳತೆ ಹಿಡಿದು ಹೊಸದಾಗಿ ಮಾಡೆಲ್ ಮಾಡಿಕೊಡಲು ಎಷ್ಟು ಗಂಟೆ ಅಂತ ಲೆಕ್ಕ ಹಾಕಿ ಹೇಳಿದರು. ಆಗಲ್ಲ ಅಂತ ಯಾರನ್ನೂ ಕಳಿಸುವುದಿಲ್ಲ, ಆದರೆ ಸುಳ್ಳೂ ಹೇಳುವುದಿಲ್ಲ.

ಈಗ ಬೈಗುಳ. ಮೊದಲನೆಯದು ಮತ್ತು ದೊಡ್ಡದು, ಗುಟ್ಟು ಕಾಪಾಡುವ ವಿಷಯ. ಮೇಡಂ ಪಕ್ಕದಲ್ಲಿ ಕೂತರೆ ಡೆಸ್ಕ್‌ಟಾಪ್ ಮೇಲೆ ಬೇರೆ ಕಸ್ಟಮರ್‌ಗಳ ಫೈಲ್ ಹೆಸರು ರಾಶಿ ರಾಶಿ ಕಾಣುತ್ತವೆ. ಅಂದರೆ ನನ್ನದೂ ಯಾರಿಗೋ ಕಾಣುತ್ತಿರುತ್ತದೆ ಅಲ್ವಾ. ನಮ್ಮ ಲೆಟರ್‌ಹೆಡ್‌ನಲ್ಲಿ ಒಂದು ಒಪ್ಪಂದ ಟೈಪ್ ಮಾಡಿಕೊಂಡು ಹೋದೆ, ಮಾತಿಲ್ಲದೆ ಸಹಿ ಹಾಕಿದರು, ಕೆಲಸ ಮುಗಿದ ಮೇಲೆ ನನ್ನ ಎದುರೇ ಫೋಲ್ಡರ್ ಅಳಿಸಿದರು. ಒಳ್ಳೆಯದೇ, ಆದರೆ ನಾನು ಕೇಳಿದ್ದಕ್ಕೆ ಆದದ್ದು. ಕೇಳದವರ ಫೈಲು ಅಲ್ಲೇ ಇದೆ. ರಕ್ಷಣಾ ಇಲಾಖೆ, ಏರೋಸ್ಪೇಸ್ ಕೆಲಸ ಮಾಡುವವರು ಇಲ್ಲಿಗೆ ಹೋಗಲೇಬೇಡಿ.

ಎರಡನೆಯದು, ಮೇಡಂ ರಜೆ ಇದ್ದರೆ ಅಂಗಡಿ ಅರ್ಧ ಮುಚ್ಚಿದ ಹಾಗೆ. ಆ ದಿನ ಮೇಷ್ಟ್ರ ಅಕ್ಕನ ಮಗ ಕೂತಿರುತ್ತಾನೆ. ಒಳ್ಳೆ ಹುಡುಗ, ಆದರೆ ಕೇಳದೆ ಕ್ಲಿಕ್ ಮಾಡುತ್ತಾನೆ. ನನ್ನ ಐದನೇ ಫೈಲಿನಲ್ಲಿ ಕಸ್ಟಮರ್ ಮಷೀನಿಂಗ್ ಮಾಡುವ ಫೇಸ್‌ಗೆಲ್ಲ ಕೆಂಪು, ಕಾಸ್ಟಿಂಗ್ ಹಾಗೇ ಬಿಡುವ ಕಡೆ ಬೂದು ಬಣ್ಣ ಕೊಟ್ಟಿದ್ದರು, ಆ ಬಣ್ಣವೇ ನಮಗೆ ಸೂಚನೆ. ಇವನು ಹಳೇ ಎಪಿ 203ರಲ್ಲಿ ಕೊಟ್ಟ. ಅದರ ಮೊದಲ ಆವೃತ್ತಿಯಲ್ಲಿ ಬಣ್ಣಕ್ಕೆ ಜಾಗವೇ ಇಲ್ಲ, ಎಲ್ಲ ಬೂದು ಆಗಿ ಬಂತು. ಮಾರನೇ ದಿನ ಮೇಡಂ ಎಪಿ 214ರಲ್ಲಿ ಮತ್ತೆ ಮಾಡಿಕೊಟ್ಟರು, ದುಡ್ಡು ತಗೊಳ್ಳಲಿಲ್ಲ, ಆದರೆ ನನ್ನ ಒಂದು ದಿನ ಹೋಯಿತು.

ಉಳಿದವು ಸಣ್ಣಪುಟ್ಟ. ತಿಂಗಳ ಕೊನೆಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ಜಿಎಸ್‌ಟಿ ಬಿಲ್ ಕೇಳಿದರೆ ಮಾತ್ರ ಕೊಡುತ್ತಾರೆ, ಕೇಳಿ. ಬೈಕ್ ನಿಲ್ಲಿಸೋಕೆ ಬೇರಿಂಗ್ ಅಂಗಡಿಯವರು ಬಿಡಲ್ಲ.

ರೇಟು: ಬರೀ ಕನ್ವರ್ಷನ್ ಫೈಲಿಗೆ 250 ರೂಪಾಯಿ, ರಿಪೇರಿ ಗಂಟೆಗೆ 600. ನನ್ನ ಹೌಸಿಂಗ್‌ಗೆ 1,500 ಆಯಿತು. ಆ ಕಟ್ಟರ್ ನಿಜವಾದ ಕಾಸ್ಟಿಂಗ್ ಒಳಗೆ ಇಳಿದಿದ್ದರೆ ಎಷ್ಟಾಗುತ್ತಿತ್ತು ಅಂತ ಲೆಕ್ಕ ಹಾಕಿದವನಿಗೆ ಇದು ಜಾಸ್ತಿ ಅನ್ನಿಸುವುದಿಲ್ಲ.

ಆದರೆ ಆ 250ನ್ನು ಸುಮ್ನೆ ಕೊಡಬೇಡಿ. ನಾನು ಮೂರು ಸಲ ಕೊಟ್ಟೆ. ಕಳಿಸುವವರು ಎನ್‌ಎಕ್ಸ್, ನೀವು ಸಾಲಿಡ್‌ವರ್ಕ್ಸ್ ಅಂತಿಟ್ಟುಕೊಳ್ಳಿ, ಎರಡೂ ಕಡೆ ಒಳಗೆ ಪ್ಯಾರಾಸಾಲಿಡ್ಡೇ. ಪ್ಯಾರಾಸಾಲಿಡ್‌ದೇ ಫಾರ್ಮ್ಯಾಟ್ ಆದ ಎಕ್ಸ್ ಟಿ ಫೈಲ್ ಕೊಡಿ ಅಂತ ಕೇಳಿ. ಆಕಾರಕ್ಕೆ ಅನುವಾದವೇ ಬೇಕಿಲ್ಲ, ಹಾಗೇ ಬರುತ್ತದೆ. ಒಂದೇ ಎಚ್ಚರ, ಹೊಸ ವರ್ಷನ್‌ದು ಹಳೆಯದರಲ್ಲಿ ತೆರೆಯುವುದಿಲ್ಲ, ನಿಮ್ಮ ವರ್ಷನ್ ಹೇಳಿ ಕೇಳಬೇಕು. ಬೇರೆ ಬೇರೆ ಕರ್ನಲ್ ಆದರೆ ಸ್ಟೆಪ್ ಎಪಿ 242 ಕೇಳಿ, ಇಲ್ಲದಿದ್ದರೆ 214. 242ರಲ್ಲಿ ಟಾಲರೆನ್ಸು, ಅಳತೆಯ ಟಿಪ್ಪಣಿ ಕೂಡ ಮಾಡೆಲ್ ಜೊತೆಗೇ ಬರಬಹುದು, ಎರಡೂ ಕಡೆಯ ಸಾಫ್ಟ್‌ವೇರ್‌ಗೆ ಅದು ಗೊತ್ತಿದ್ದರೆ. ಏನೇ ಬಂದರೂ ಪಿಡಿಎಫ್ ಡ್ರಾಯಿಂಗ್ ಜೊತೆಗಿರಲಿ, ನನ್ನ ಮುರಿದ ಟ್ಯಾಪ್‌ಗಳ ಮೇಲಾಣೆ.

ಫೈಲ್ ಸರಿ ಇದೆಯಾ ಅಂತ ನೋಡಿಕೊಳ್ಳೋಕೆ ಫ್ರೀಕ್ಯಾಡ್ ಹಾಕಿಕೊಳ್ಳಿ. ಪೂರ್ತಿ ಉಚಿತ, 2024ರ ನವೆಂಬರ್‌ನಲ್ಲಿ 1.0 ಬಂತು, ಸ್ಟೆಪ್ ಐಜೆಸ್ ಎರಡೂ ತೆರೆಯುತ್ತದೆ. ಪಾರ್ಟ್ ವರ್ಕ್‌ಬೆಂಚ್‌ನಲ್ಲಿ ಚೆಕ್ ಜಾಮಿಟ್ರಿ ಅಂತ ಒಂದು ಬಟನ್ ಇದೆ, ಒತ್ತಿದರೆ ಎಲ್ಲಿ ಕೆಟ್ಟಿದೆ ಅಂತ ತೋರಿಸುತ್ತದೆ. ನಾನು ಈಗ ಯಾವ ಫೈಲ್ ಬಂದರೂ ಮೊದಲು ನೋಟ್‌ಪ್ಯಾಡ್, ಆಮೇಲೆ ಫ್ರೀಕ್ಯಾಡ್, ಅಲ್ಲೂ ಕೆಂಪು ಕಂಡರೆ ಮಾತ್ರ ಮೆಟ್ಟಿಲು.

ಹೋಗುವವರು ಮೆಟ್ರೋದಲ್ಲಿ ಪೀಣ್ಯ ಇಂಡಸ್ಟ್ರಿ ಸ್ಟೇಷನ್‌ನಲ್ಲಿ ಇಳಿದು ಆಟೋ ಹಿಡಿಯಿರಿ. ಹೊರಡುವ ಮೊದಲು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ, ಮೇಡಂ ಇದಾರಾ ಅಂತ. ಶನಿವಾರ ಮಧ್ಯಾಹ್ನ ಎರಡರ ಮೇಲೆ ಬಾಗಿಲು ಹಾಕಿರುತ್ತಾರೆ.